ಊಟದ ಹೊತ್ತಿನಲ್ಲಿ ಬಿತ್ತಿದ ಅವರೆ

ಬಿಂಡಿಗನವಿಲೆ
೩-೩-೨೦೨೪

ಮಗಳೇ ಮಾನಸ,

ನಾನಿಲ್ಲಿ ನನ್ನ ಎರಡು ಕಾಲ ಮೇಲೆ ನಿಂತಿದ್ದೇನೆ. ನೀನಲ್ಲಿ ನಿಂತಿದ್ದೀಯೋ, ಇಲ್ಲ ಸೊಳ್ಳೆಗಳು ಹೊತ್ತುಕೊಂಡು ಹೋದವೋ, ಮೊದಲು ಅದನ್ನು ತಿಳಿಸು. ನೀನು ಹೋಗಿ ತಿಂಗಳಾಯಿತು. ಫೋನಿನಲ್ಲಿ ನಿನ್ನ ಮಾತು ಕೊಡದೊಳಗೆ ಕಪ್ಪೆ ಕೂತು ಕೂಗಿದ ಹಾಗೆ ಕೇಳುತ್ತದೆ. ಅರ್ಧ ನೀನು, ಅರ್ಧ ಗೊರಗೊರ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಇವತ್ತು ಕೆಲಸಕ್ಕೆ ಬಂತು. ಪಕ್ಕದ ಮನೆಯ ಅಂಗನವಾಡಿ ಟೀಚರು ಶ್ವೇತ ಇದರ ಫೋಟೋ ಹೊಡೆದು ನಿನ್ನ ಫೋನಿಗೆ ಕಳಿಸುತ್ತಾಳಂತೆ. ನೀನೂ ಹಾಗೇ ಬರೆದು ಕಳಿಸು. ಅವಳು ಮೀಟಿಂಗಿಗೆ ನಾಗಮಂಗಲಕ್ಕೆ ಹೋದಾಗ ಅಂಗಡಿಯಲ್ಲಿ ಕಾಗದದ ಮೇಲೆ ತೆಗೆಸಿ ತರುತ್ತಾಳೆ. ಕೈಯಲ್ಲಿ ಹಿಡಿದರೇ ನನಗೆ ಓದಿದ ಹಾಗೆ.

ನಿನ್ನವ್ವ ಕ್ಯಾತನಹಳ್ಳಿಯಿಂದ ಬಂದು ಎರಡು ದಿನ ಅತ್ತು ಹೋದಳು. ನಾನು ಅಳಲಿಲ್ಲ. ವ್ಯವಸಾಯದ ಓದು ಓದಿದವಳು ಮಂಡ್ಯದಲ್ಲೇ ಕಬ್ಬಿಗೆ ಔಷಧಿ ಹೇಳಿಕೊಂಡು ಇರಬಹುದಿತ್ತಲ್ಲ ಅಂತ ಒಂದು ಸಲ ಅಂದುಕೊಂಡೆ, ಅಷ್ಟೆ. ನಿನ್ನ ಚಿಕ್ಕತಾತ ಕರಿಯಯ್ಯ ಜಗಲಿ ಮೇಲೆ ಕೂತು ಏನಂದ ಗೊತ್ತೋ? "ನಮ್ಮೂರ್ ಮೇಲ್ಬೀದಿ ಕೆಳಬೀದಿ ಜಗ್ಳನೇ ಇಪ್ಪತ್ ವರ್ಸದಿಂದ ಮುಗ್ದಿಲ್ಲ. ಇವ್ಳು ಓಗಿ ದೇಸುದ್ ಜಗ್ಳ ಬುಡುಸ್ತಾಳಂತೆ!" ನಾನು ಬಿಡಲಿಲ್ಲ. "ನೀನ್ ಜಗ್ಳ ಅಚ್ಚೋನು ಕಣ್ಲಾ, ಬುಡ್ಸೋರ್ ಕಷ್ಟ ನಿಂಗೇನ್ ಗೊತ್ತು" ಅಂದೆ. ಎದ್ದು ಹೋದ.

ಆದರೂ ನನಗೂ ತಿಳಿಯಬೇಕು. ಹೊಡೆದಾಡಿ ಸುಟ್ಟುಕೊಂಡ ಊರಿನಲ್ಲಿ ನೀನು ಮಾಡುವ ಕೆಲಸವಾದರೂ ಏನು? ಇಂಗ್ಲಿಷಿನಲ್ಲಿ ಹೇಳಬೇಡ. ಹೊಟ್ಟೆಗೆ ಏನು ತಿನ್ನುತ್ತೀಯ, ಅದನ್ನೂ ಬರೆ.

ಇಂತಿ ನಿನ್ನ ಅಜ್ಜಿ
ಪುಟ್ಟಲಕ್ಷ್ಮಮ್ಮ


ದಕ್ಷಿಣ ಸುಡಾನ್
27 ಮಾರ್ಚ್ 2024

ಪ್ರೀತಿಯ ಅಜ್ಜಿ,

ಸೊಳ್ಳೆಗಳು ಪ್ರಯತ್ನ ಮಾಡಿದವು, ಎತ್ತಲಾಗಲಿಲ್ಲ. ಹೊಟ್ಟೆಗೆ ಜೋಳದ ಅಂಬಲಿ, ಒಣಮೀನು. ಮುದ್ದೆ ನೆನಪಾಗುತ್ತದೆ. ನಿನ್ನ ಕಾಗದವನ್ನು ಇಪ್ಪತ್ತು ಸಲ ಓದಿದೆ. ನಾನಿರುವ ಊರಿನಲ್ಲಿ ನೆಟ್‌ವರ್ಕ್ ಇಲ್ಲ, ಎರಡು ಮೂರು ವಾರಕ್ಕೊಮ್ಮೆ ದೋಣಿಯಲ್ಲಿ ಪಟ್ಟಣಕ್ಕೆ ಹೋದಾಗಲೇ ಎಲ್ಲವೂ. ತಡವಾದರೆ ಬೈಯಬೇಡ.

ಅಜ್ಜಿ, ಪಶ್ಚಿಮವಾಹಿನಿಯಲ್ಲಿ ಕಾವೇರಿಯನ್ನು ನೋಡಿ ಇದಕ್ಕಿಂತ ದೊಡ್ಡ ನದಿ ಇರಲಾರದು ಎಂದುಕೊಂಡು ಬೆಳೆದವಳು ನಾನು. ಇಲ್ಲಿ ನೈಲ್ ನದಿಯ ಒಂದು ಕವಲಿನ ಮೇಲೆ ಐದು ಗಂಟೆ ದೋಣಿಯಲ್ಲಿ ಬಂದೆ. ದಡ ಕಾಣಲಿಲ್ಲ. ನೀರು, ಜೊಂಡು, ಆಕಾಶ. ಒಂದು ಕಡೆ ನೀರಿನ ಮೇಲೆ ಹುಲ್ಲಿನ ಟೋಪಿಯಂಥದ್ದು ಕಂಡಿತು. ಏನದು ಎಂದು ಕೇಳಿದೆ. ಮನೆಯ ಮಾಡಿನ ತುದಿ ಎಂದರು. ಕೆಳಗೆ ಮನೆಯಿದೆ, ಊರಿದೆ. 

ನಡೆದದ್ದು ಹೀಗೆ. ನಾಲ್ಕು ವರ್ಷದ ಹಿಂದೆ ಏರಿದ ನೀರು ಮತ್ತೆ ಇಳಿಯಲೇ ಇಲ್ಲ. ತಗ್ಗಿನವರು ಹಸುಗಳನ್ನು ಹೊಡೆದುಕೊಂಡು ದಿಬ್ಬದ ಊರಿಗೆ ಬಂದರು. ಇರುವ ದಿಬ್ಬ ಚಿಕ್ಕದು. ಮೊದಲು ಹಸುಗಳು ಬೆಳೆ ಮೇಯ್ದವು, ಆಮೇಲೆ ಬಂದೂಕು ಬಂದವು. ಎರಡೂ ಊರು ಸುಟ್ಟುಹೋದವು. ಮೂರು ವರ್ಷ ನಿರಾಶ್ರಿತರ ಶಿಬಿರದಲ್ಲಿದ್ದು, ಈಗ ರಾಜಿಯಾಗಿ ಎರಡು ಕಡೆಯವರೂ ದಿಬ್ಬಕ್ಕೆ ಮರಳಿ ಬಂದಿದ್ದಾರೆ. ನಮ್ಮ ಸಂಸ್ಥೆ ಅವರಿಗೆ ಬೀಜ, ಗುದ್ದಲಿ ಕೊಡುತ್ತದೆ, ನೀರು ತಡೆಯುವ ಏರಿ ಕಟ್ಟಿಸುತ್ತದೆ. ಕೊಡುವಾಗ ಮೂರು ವಿಷಯ ಸೇರಿಸಿ ಕೊಡಬೇಕೆಂದು ಆದೇಶ: ಬದಲಾದ ಮಳೆ-ನೀರು, ಹೆಂಗಸರ ಪಾಲು, ಮನುಷ್ಯರ ಹಕ್ಕು. ಕಾಗದದಲ್ಲಿ ಮೂರಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ನೆಲದ ಮೇಲೆ ಮೂರೂ ಒಬ್ಬಳೇ ಹೆಂಗಸಿನ ರೂಪದಲ್ಲಿ ಬಂದು ನನ್ನ ಮುಂದೆ ನಿಂತಿವೆ.

ಅವಳ ಹೆಸರು ಅಚೋಲ್. ವಯಸ್ಸು ಇಪ್ಪತ್ತೈದು. ಗಂಡ ಗಲಭೆಯಲ್ಲಿ ಸತ್ತ. ಮೂರು ವರ್ಷದ ಹೆಣ್ಣುಮಗುವಿದೆ. ನಮ್ಮ ಬೀಜದ ಪಟ್ಟಿಯಲ್ಲಿ ಮನೆಗೊಬ್ಬ ಗಂಡಸಿನ ಹೆಸರು, ಅವಳ ಮನೆಯಲ್ಲಿ ಗಂಡಸಿಲ್ಲ. ಇಲ್ಲಿನ ಕಟ್ಟಳೆ ಏನೆಂದರೆ, ಮೊದಲ ಮಳೆಗೆ ಯಾರು ಬಿತ್ತುತ್ತಾರೋ ಹೊಲ ಅವರದು. ಮೇ ತಿಂಗಳ ಕೊನೆಗೆ ಮಳೆ. ಆ ಹೊಲಕ್ಕೆ ಮೈದುನ ಇಳಿದರೆ ಇವಳು ಅವನ ಮನೆ ಸೇರಬೇಕು, ಇಲ್ಲವೇ ಮಗುವನ್ನು ಹೊತ್ತುಕೊಂಡು ಶಿಬಿರಕ್ಕೆ ಹಿಂತಿರುಗಬೇಕು. ಅವಳ ಹೆಸರನ್ನು ಪಟ್ಟಿಯಲ್ಲಿ ಬರೆಯಲು ಊರಿನ ಹಿರಿಯರು ಒಪ್ಪುತ್ತಿಲ್ಲ. ಅವರು ಒಪ್ಪದೆ ನಾನು ಬರೆದರೆ ರಾಜಿಯೇ ಮುರಿಯುತ್ತದೆ.

ಏನು ಮಾಡಲಿ, ಅಜ್ಜಿ? ನಿನ್ನ ತಲೆ ನನ್ನ ತಲೆಗಿಂತ ಚುರುಕು.

ನಿನ್ನ
ಮಾನಸ


ಬಿಂಡಿಗನವಿಲೆ
೧೪-೪-೨೦೨೪

ಮಗಳೇ,

ನೀರಿನೊಳಗೆ ಊರು ಅಂದೆಯಲ್ಲ, ಅದನ್ನು ಶ್ವೇತ ಜೋರಾಗಿ ಓದಿದಾಗ ಜಗಲಿಯಲ್ಲಿದ್ದವರೆಲ್ಲ ಇನ್ನೊಂದು ಸಲ ಓದು ಅಂದರು. ನಮ್ಮದು ಮೋಡ ನೋಡಿ ಕತ್ತು ನೋಯಿಸಿಕೊಳ್ಳುವ ಊರು. ನೀರು ಬಂದು ಹೋಗುವುದಿಲ್ಲ ಅಂದರೆ ಏನು ಅಂತಲೇ ನಮಗೆ ತಿಳಿಯದು. ಆ ರಾತ್ರಿ ಕೊಡದಿಂದ ಚೆಂಬಿಗೆ ನೀರು ಬಗ್ಗಿಸುವಾಗ ಕೈ ತಡೆಯಿತು. ಇದೇ ನೀರಾ, ಅಂತ.

ಆ ಮಗುವಿಗೆ ಮೂರು ವರ್ಷ ಅಂದೆ. ಹೆಣ್ಣು ಅಂದೆ. ಸರಿ.

ಈಗ ಕೇಳು. ಮೂರನ್ನು ಸೇರಿಸಿ ಕೊಡುವುದನ್ನು ನಿಮ್ಮ ಆಫೀಸಿನವರು ಈಗ ಕಂಡುಹಿಡಿದರೋ? ನಮ್ಮ ಹೊಲದಲ್ಲಿ ಅದಕ್ಕೆ ಅಕ್ಕಡಿ ಸಾಲು ಅಂತ ಹೆಸರು. ಓದಿದವಳಿಗೆ ನೆನಪಿದೆಯೋ ಇಲ್ಲವೋ. ರಾಗಿ ಬಿತ್ತುವಾಗ ಎಂಟು ಸಾಲಿಗೊಂದು ಸಾಲು ಬಿಡುತ್ತಾರೆ. ಕೂರಿಗೆಯ ಹಿಂದೆ ಒಂದು ಬಿದಿರ ಕೊಳವೆ ಕಟ್ಟಿರುತ್ತದೆ. ಹೆಂಗಸು ಅದನ್ನು ಹಿಡಿದು ಹಿಂದೆ ನಡೆಯುತ್ತಾ ಆ ಸಾಲಿಗೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿಡುತ್ತಾಳೆ. ಮಳೆ ಕೈಕೊಟ್ಟು ರಾಗಿ ಒಣಗಿದರೆ ತೊಗರಿ ನಿಲ್ಲುತ್ತದೆ. ಮಳೆ ಜಾಸ್ತಿಯಾಗಿ ತೊಗರಿ ಕೊಳೆತರೆ ಇನ್ನೊಂದು ನಿಲ್ಲುತ್ತದೆ. ಒಂದಲ್ಲ ಒಂದು ನಿಂತೇ ನಿಲ್ಲುತ್ತದೆ. ರಾಗಿ ಗಂಡಸಿನದು, ಕಣದಲ್ಲಿ ಅವನೇ ಯಜಮಾನ. ಅಕ್ಕಡಿ ಹೆಂಗಸಿನದು. ಅದರಲ್ಲೇ ಅವಳ ಸಾರು, ಅವಳ ಮಗುವಿನ ಲಂಗ.

ನಮ್ಮಲ್ಲಿ ಕಟ್ಟುಂಟು. ಗಂಡ ಸತ್ತರೂ ಅಕ್ಕಡಿ ಸಾಲು ಹೆಂಡತಿಯದೇ. ಯಾವ ಮೈದುನನೂ ಕೇಳುವ ಹಾಗಿಲ್ಲ. ನಿಮ್ಮ ತಾತ ಹೋದಾಗ ನನಗೂ ಇಪ್ಪತ್ತೈದೇ. ನಲವತ್ತೊಂದು ವರ್ಷದಿಂದ ಅಕ್ಕಡಿ ಬಿತ್ತಿದ್ದೇನೆ, ನನ್ನನ್ನು ಯಾರು ಏನಂದರು? ಹೋಗಿ ಆ ಹಿರಿಯರಿಗೆ ಹೇಳು. ಹೊಲ ಕೊಡಲು ಹೊಟ್ಟೆಯುರಿಯಾದರೆ ಸಾಲಾದರೂ ಕೊಡಿ ಅನ್ನು. ಇಂಡಿಯಾದಲ್ಲಿ ಹೀಗೇ ಅನ್ನು.

ಒಣಮೀನು ತಿನ್ನುವುದನ್ನು ನಿನ್ನವ್ವನಿಗೆ ನಾನು ಹೇಳಿಲ್ಲ.

ಪುಟ್ಟಲಕ್ಷ್ಮಮ್ಮ


ದಕ್ಷಿಣ ಸುಡಾನ್
5 ಮೇ 2024

ಪ್ರೀತಿಯ ಅಜ್ಜಿ,

ನಿನ್ನ ಕಾಗದ ಹಿಡಿದುಕೊಂಡು ದೋಣಿಯಿಂದ ಇಳಿದು ನೇರ ಅಚೋಲಳ ಗುಡಿಸಲಿಗೆ ಓಡಿದೆ. ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆಲದ ಮೇಲೆ ಗೀರೆಳೆದು, ಅಕ್ಕಡಿ ಸಾಲನ್ನು ಅವಳಿಗೆ ಪಾಠ ಮಾಡಿದೆ. ಅವಳು ಕೇಳಿದಳು. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಮಾತನ್ನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ, ನಿನಗೆ ಆಗಲೇ ಸರಿಯಾಗಿ ಕೇಳಿಸುತ್ತದೆ. "ಇದ್ನ ಯೋಳಕ್ಕೆ ಅಷ್ಟ್ ದೂರದಿಂದ ಬಂದ್ಯೇನವ್ವ? ನಮ್ಮವ್ವನೂ ಇಂಗೇ ಬಿತ್ತೋಳು, ಅವಳವ್ವನೂ ಇಂಗೇ."

ನೆಲದ ಮೇಲೆ ಎಳೆದ ಗೀರುಗಳನ್ನು ಅಂಗೈಯಲ್ಲಿ ಒರೆಸಿದೆ. ಆಗ ಅವಳು ಉಟ್ಟ ಬಟ್ಟೆಯ ಅಂಚನ್ನು ನನ್ನ ತೊಡೆಯ ಮೇಲಿಟ್ಟಳು. ಅಂಚಿನ ಉದ್ದಕ್ಕೂ ಗಂಟು ಗಂಟು. ಬೆರಳಲ್ಲಿ ಒತ್ತಿ ನೋಡು ಎಂದಳು. ಒಳಗೆ ಅಲಸಂದೆ, ಅಜ್ಜಿ. ಊರು ಉರಿಯುವಾಗ ಮಗುವನ್ನು ಎದೆಗೆ ಕಟ್ಟಿಕೊಂಡು, ಬೀಜವನ್ನು ಸೆರಗಿನಂಚಿಗೆ ಹೊಲಿದುಕೊಂಡು ಓಡಿದ್ದಾಳೆ. ಬೀಜ ಹಳತಾಗಿ ಸಾಯಬಾರದೆಂದು ಪ್ರತಿ ವರ್ಷ ಶಿಬಿರದ ಡೇರೆಯ ಹಿಂದೆ, ಸೋರುವ ಎಣ್ಣೆ ಡಬ್ಬಿಯಲ್ಲಿ ನಾಲ್ಕು ಕಾಳು ಬಿತ್ತಿ, ಹೊಸ ಕಾಳು ತೆಗೆದು ಮತ್ತೆ ಅಂಚಿಗೆ ಹೊಲಿದಿದ್ದಾಳೆ. ಮೂರು ವರ್ಷ ಹೀಗೆ. ಹಸಿದ ದಿನ ತಿನ್ನಲಿಲ್ಲವೇ ಎಂದು ಕೇಳಿದೆ. "ಬಟ್ಟೆ ಯಾರಾದ್ರೂ ತಿಂತಾರಾ?" ಎಂದಳು.

ನಾನು ಓದಿದ ಎಷ್ಟೋ ಪುಸ್ತಕ ಆ ಅಂಚಿನ ಮುಂದೆ ಸಣ್ಣದಾಗಿ ಕಂಡವು. ಬೀಜ ಕೊಡಲು ಬಂದವಳು ನಾನು. ಅವಳ ಬಳಿ ಬೀಜವಿದೆ, ಇಲ್ಲದಿರುವುದು ಹೆಸರು ಮಾತ್ರ.

ಹಿರಿಯರಿಗೆ ನಿನ್ನ ವಿಷಯ ಹೇಳಿದೆ. ಅವರಲ್ಲಿ ದೊಡ್ಡವರು ಮಾಬಿಯೋರ್. ಇಲ್ಲಿ ಹುಟ್ಟಿದವರಿಗೆ ಎತ್ತಿನ ಬಣ್ಣದ ಹೆಸರಿಡುತ್ತಾರೆ, ಅವರ ಹೆಸರಿಗೆ ಬಿಳಿಯೆತ್ತು ಎಂದರ್ಥ. ಅವರು ಅಂದರು: "ಗಂಡ ಸತ್ ಎಂಗ್ಸಿಗೆ ಸಾಲು ಬುಡೋ ಕಟ್ಟು ಇನ್ನೊಂದ್ ದೇಸ್ದಲ್ಲೂ ಐತೆ ಅಂದ್ರೆ, ನಾವು ಬುಟ್ರೆ ತಪ್ಪಾಗಕ್ಕಿಲ್ಲ. ಆದ್ರೆ ನೀನ್ ಉಡ್ಗಿ. ಆ ಮುದುಕಿನೇ ಬರ್ದು ಕಳುಸ್ಲಿ. ಎಲ್ರ ಮುಂದೆ ಓದ್ಸಣ." ಮಳೆ ಹಿಡಿಯುವ ಮುಂಚೆ, ಈ ತಿಂಗಳ ಮೂವತ್ತಕ್ಕೆ ಹುಣಸೆ ಮರದ ಕೆಳಗೆ ಎರಡೂ ಕಡೆಯವರ ಕೂಟ. ಹೌದು, ಇಲ್ಲೂ ಪಂಚಾಯಿತಿ ಹುಣಸೆ ಮರದ ಕೆಳಗೇ.

ಎರಡೇ ಸಾಲು ಸಾಕು, ಅಜ್ಜಿ. "ಇದು ನಮ್ಮ ಕಟ್ಟು, ನನಗೆ ಹೀಗೆ ನಡೆದಿದೆ" ಎಂದು ಬರೆದು ಸಹಿ ಹಾಕು. ಅಚೋಲ್ ನಿನ್ನ ಹೆಸರನ್ನು ಬಾಯಿಪಾಠ ಮಾಡಿದ್ದಾಳೆ. ಪುತ್ತಲಚ್ಚಿಮಾ ಎನ್ನುತ್ತಾಳೆ.

ನಿನ್ನ ಬಗ್ಗೆ ಹೆಮ್ಮೆಯಿಂದ,
ಮಾನಸ


ದಕ್ಷಿಣ ಸುಡಾನ್
24 ಮೇ 2024

ಅಜ್ಜಿ,

ಪಟ್ಟಣಕ್ಕೆ ಬಂದು ಎರಡು ದಿನವಾಯಿತು. ನಿನ್ನ ಕಾಗದವಿಲ್ಲ. ಹುಷಾರಿಲ್ಲವೇ? ಶ್ವೇತಕ್ಕನನ್ನು ಕೇಳಿದರೆ "ಅಜ್ಜಿ ಚೆನ್ನಾಗೈತೆ, ಆದ್ರೆ ಯಾರ ಜೊತೆನೂ ಮಾತಾಡ್ತಿಲ್ಲ, ಬರ್ದು ಬರ್ದು ಒಲೆಗೆ ಆಕ್ತೈತೆ" ಎಂದು ಮೆಸೇಜು ಮಾಡಿದ್ದಾಳೆ. ನನ್ನ ಮೇಲೆ ಸಿಟ್ಟೇ? ಆ ಒಣಮೀನಿಗೇ?

ಮಳೆ ಒಂದು ಸಲ ಬಂದು ಹೋಯಿತು. ಅಚೋಲಳ ಮೈದುನ ಹೊಲದ ಬದಿಗೆ ಗುದ್ದಲಿ ತಂದಿಟ್ಟಿದ್ದಾನೆ. ಇಪ್ಪತ್ತೆಂಟಕ್ಕೆ ನನ್ನ ದೋಣಿ ಹೊರಡುತ್ತದೆ. ಅಷ್ಟರೊಳಗೆ ಬರೆ. ಎರಡೇ ಸಾಲು.

ಮಾನಸ


ಬಿಂಡಿಗನವಿಲೆ
೨೭-೫-೨೦೨೪

ಮಾನಸ,

ಇದನ್ನು ನೀನು ಮೊದಲು ಒಬ್ಬಳೇ ಓದು. ಆಮೇಲೆ ಆ ಮರದ ಕೆಳಗೆ ಓದುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಮುಂದಿನದು ಅವರಿಗೆ ಬರೆದದ್ದು.

ಮಾಬಿಯೋರ್ ಯಜಮಾನರಿಗೆ, ಅಲ್ಲಿ ಕೂತ ಎರಡು ಕಡೆಯವರಿಗೆ, ಬಿಂಡಿಗನವಿಲೆಯ ಪುಟ್ಟಲಕ್ಷ್ಮಮ್ಮ ಹೇಳುವುದು.

ನನ್ನ ಮೊಮ್ಮಗಳು ನಿಮಗೆ ಸುಳ್ಳು ಹೇಳಿದಳು. ತಪ್ಪು ಅವಳದಲ್ಲ. ಸುಳ್ಳನ್ನು ಅವಳಿಗೆ ಬರೆದು ಕಳಿಸಿದವಳು ನಾನು. ಅಂಥ ಕಟ್ಟು ನಮ್ಮಲ್ಲಿ ಇಲ್ಲ. ಗಂಡ ಇರುವವರೆಗೆ ಅಕ್ಕಡಿ ಸಾಲು ಹೆಂಗಸಿನದು. ಗಂಡ ಹೋದ ಮೇಲೆ ಅವಳಿಗೆ ಏನು ಬಿಡುತ್ತಾರೋ ಅದು ಮನೆಯವರ ಇಷ್ಟ.

ನನ್ನ ಯಜಮಾನರು ಹಾವು ಕಚ್ಚಿ ಹೋದಾಗ ನನಗೆ ಇಪ್ಪತ್ತೈದು, ಮಗಳಿಗೆ ಮೂರು. ಹದಿನೈದನೇ ದಿನಕ್ಕೆ ಅತ್ತೆ ಒಂದು ಕಾಗದ ಮುಂದಿಟ್ಟರು. ಎರಡೂವರೆ ಎಕರೆ ಮೈದುನ ಕರಿಯಯ್ಯನ ಹೆಸರಿಗೆ. "ಎಣ್ಮಗ ನಾಳೆ ಇನ್ನೊಂದ್ ಮನೆ ಸೇರ್ಕೊತೈತೆ, ನಿಂಗ್ಯಾಕವ್ವ ಒಲ? ಮನೇಲಿರು, ಉಣ್ಣು" ಅಂದರು. ನಾನು ಓದಬಲ್ಲೆ. ಓದಿದೆ. ಓದಿಯೂ ಸಹಿ ಹಾಕಿದೆ. ಬಾಯಿ ಜೋರು ಅಂತ ಊರೆಲ್ಲ ನನ್ನನ್ನು ಕರೆಯುತ್ತದೆ, ಆ ದಿನ ಬಾಯಿ ಬರಲಿಲ್ಲ. ಆ ವರ್ಷದ ಬಿತ್ತನೆಗೆ ಅತ್ತೆ ಕೂರಿಗೆಯಿಂದ ಕೊಳವೆಯನ್ನೇ ಬಿಚ್ಚಿಸಿದರು. ಎಲ್ಲವೂ ರಾಗಿ. ನನಗೆ ಹೊಲದಲ್ಲಿ ಕೆಲಸವೇ ಇಲ್ಲದ ಹಾಗೆ.

ಆಗ ನಾನೊಂದು ಕೆಲಸ ಮಾಡಿದೆ. ಬಿತ್ತುವವರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಮಡಿಲಲ್ಲಿ ಅವರೆ ಕಟ್ಟಿಕೊಂಡು ಹೊಲಕ್ಕೆ ಇಳಿದೆ. ಬೆರಳಲ್ಲಿ ಮಣ್ಣು ಕೆದಕಿ, ರಾಗಿ ಸಾಲಿನ ನಡುವೆ ಒಂದೊಂದೇ ಕಾಳು ಮುಚ್ಚಿದೆ. ಅವರು ಕೈತೊಳೆದು ಬರುವಷ್ಟರಲ್ಲಿ ಬೇಲಿ ದಾಟಿದ್ದೆ. ನಲವತ್ತೊಂದು ವರ್ಷ ಹಾಗೇ ಬಿತ್ತಿದ್ದೇನೆ. ನನ್ನ ಗಂಡನ ಹೊಲಕ್ಕೆ ನಾನು ಕಳ್ಳಿಯ ಹಾಗೆ ಹೋಗಿದ್ದೇನೆ. ಅದೇ ಅವರೆಯಲ್ಲಿ ಮಗಳನ್ನು ಓದಿಸಿದೆ. ಮೊಮ್ಮಗಳಿಗೆ ಮಾತ್ರ ಅದೆಲ್ಲ ನನ್ನ ಹಕ್ಕು ಅಂತ ಹೇಳಿಕೊಂಡು ಬಂದೆ. ಅವಳ ಕಣ್ಣಲ್ಲಿ ಕಳ್ಳಿಯಾಗಲು ಮನಸ್ಸಾಗಲಿಲ್ಲ.

ಹೌದು ಅಂತ ಎರಡು ಸಾಲು ಬರೆದುಬಿಟ್ಟರೆ ಆ ಹುಡುಗಿಗೆ ಮಣ್ಣು ಸಿಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಮೂರು ಸಲ ಬರೆದೆ, ಮೂರು ಸಲ ಒಲೆಗೆ ಹಾಕಿದೆ. ಯಾಕೆಂದರೆ ನನ್ನ ಸುಳ್ಳಿಗೆ ಅವಳಿಗೆ ಸಿಗುವುದು ಒಂದು ಸಾಲು. ಸಾಲು ಕೇಳಿದ್ದೇ ನನ್ನ ತಪ್ಪು. ನಲವತ್ತೊಂದು ವರ್ಷ ಸಾಲಿನಲ್ಲಿ ನಡೆದು ನಡೆದು ನನ್ನ ಬುದ್ಧಿಯೂ ಸಾಲಿನಷ್ಟೇ ಅಗಲವಾಗಿತ್ತು. ಅವಳಿಗೆ ಹೊಲ ಕೊಡಿ ಯಜಮಾನರೇ. ನೀವು ಬೀಜ ಬಿಟ್ಟು ಓಡಿದಿರಿ. ಅವಳು ಹೊಲಿದುಕೊಂಡು ಓಡಿದಳು. ಯಾರ ಕೈಗೆ ಮಣ್ಣು ಕೊಟ್ಟರೆ ಊರು ಮೇಲೇಳುತ್ತದೆ ಅಂತ ನಾನು ಹೇಳಿಕೊಡಬೇಕೆ?

ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ನಾನು ದೂರದಲ್ಲಿದ್ದೇನೆ, ತಡೆದುಕೊಳ್ಳುತ್ತೇನೆ.

ಪುಟ್ಟಲಕ್ಷ್ಮಮ್ಮ


ದಕ್ಷಿಣ ಸುಡಾನ್
20 ಜೂನ್ 2024

ಅಜ್ಜಿ,

ಏನೆಂದು ಶುರು ಮಾಡಲಿ? ದೋಣಿಯಲ್ಲಿ ಓದಿದೆ. ಐದು ಗಂಟೆಯೂ ಅದನ್ನೇ ಓದಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ನನಗೊಬ್ಬಳಿಗಾದರೂ ಹೇಳಬಾರದಿತ್ತೇ ಎಂದು. ಆಮೇಲೆ ನೀನು ನನಗೆ ಪ್ರತಿ ಚಳಿಗಾಲ ಕಟ್ಟಿಕೊಡುತ್ತಿದ್ದ ಹಿತಕವರೆಯ ಡಬ್ಬಿ ನೆನಪಾಯಿತು. ಓದುವುದೋ ಬೇಡವೋ ಎಂದು ಮರದ ಕೆಳಗೆ ನಿಲ್ಲುವವರೆಗೂ ನನಗೇ ಗೊತ್ತಿರಲಿಲ್ಲ. ಅಚೋಲಳನ್ನು ಕೇಳಿದೆ. ಓದಿದರೆ ಸಾಲೂ ತಪ್ಪಬಹುದು ಎಂದೆ. ಅವಳು ಅಂದದ್ದು ಇಷ್ಟೇ: "ಆ ಅವ್ವ ಸುಮ್ನಿರದೆ ಬರ್ದವ್ಳೆ. ನೀನ್ ಯಾಕೆ ಸುಮ್ನಿರ್ತೀಯ?"

ಓದಿದೆ. ಮರದ ಎಡಕ್ಕೆ ದಿಬ್ಬದವರು, ಬಲಕ್ಕೆ ತಗ್ಗಿನವರು. ನಡುವೆ ದಾರಿಯಷ್ಟು ಜಾಗ, ಯಾರೂ ಕೂರದ ಜಾಗ.  ಮಾಬಿಯೋರ್ ಕೇಳಿದ ಮೊದಲ ಪ್ರಶ್ನೆ: "ಆ ಮುದುಕೀಗೆ ಎಷ್ಟ್ ಅಸು ಅವೆ?" ಒಂದೂ ಇಲ್ಲ ಎಂದೆ. "ಇದ್ನ ಯೋಳಿದ್ರಿಂದ ಅವ್ಳಿಗೇನ್ ಸಿಕ್ತು?" ಏನೂ ಇಲ್ಲ, ಮಾನ ಹೋಯಿತು ಎಂದೆ. 

ಆಗ ಹಿಂದಿನಿಂದ ಒಬ್ಬ ಮುದುಕಿ ಎದ್ದಳು, ಅಜ್ಜಿ. ದಿಬ್ಬದ ಕಡೆಯವಳು, ಮಾಬಿಯೋರರ ಸ್ವಂತ ಅಕ್ಕ. ಅವಳು ಬಾಯಿ ಬಿಟ್ಟದ್ದನ್ನು ನಾನು ನಾಲ್ಕು ತಿಂಗಳಲ್ಲಿ ಕಂಡಿರಲಿಲ್ಲ. "ನಾನೂ ಅಂಗೇ ಬಿತ್ತಿವ್ನಿ" ಎಂದಳು. ಅಷ್ಟೇ. ಕೂರಲಿಲ್ಲ, ನಿಂತೇ ಇದ್ದಳು. ಬಲಗಡೆಯಿಂದ ತಗ್ಗಿನವಳೊಬ್ಬಳು ಎದ್ದಳು. "ನಾನೂವೆ." ಎಡಗಡೆಯಿಂದ ಇನ್ನೊಬ್ಬಳು. ಬಲಗಡೆಯಿಂದ ಇಬ್ಬರು. ಇವಳ ಗಂಡನನ್ನು ಅವಳ ಅಣ್ಣ ಕೊಂದಿರಬಹುದಾದ ಜನ, ಅಜ್ಜಿ. ಅವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಎಲ್ಲರೂ ನನ್ನ ಕೈಯಲ್ಲಿದ್ದ ನಿನ್ನ ಕಾಗದವನ್ನೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ತಿರುಗಿ ನೋಡಿದರೆ ಕೂತಿದ್ದವರು ಗಂಡಸರು ಮಾತ್ರ. ಯಾರೂ ಕೂರದ ಆ ದಾರಿಯಷ್ಟು ಜಾಗದಲ್ಲಿ ಹೆಂಗಸರು ನಿಂತಿದ್ದರು. 

ಎಲ್ಲವೂ ಆಗಲಿಲ್ಲ. ಉಳಿದ ವಿಧವೆಯರ ಮಾತನ್ನು ಸುಗ್ಗಿಯ ಮೇಲೆ ನೋಡೋಣ ಎಂದು ತಳ್ಳಿದ್ದಾರೆ. ಮೈದುನ ಉಗುಳಿ ಎದ್ದು ಹೋದ. ಆದರೆ ಹುತ್ತದಿಂದ ಏರಿಯವರೆಗಿನ ಅಚೋಲಳ ಗಂಡನ ಹೊಲ ಅಚೋಲಳದೇ ಎಂದು ಮಾಬಿಯೋರ್ ಎಲ್ಲರ ಮುಂದೆ ಹೇಳಿದರು. ಅದು ಸಾಲಲ್ಲ ಅಜ್ಜಿ, ಪೂರ್ತಿ ಹೊಲ. ಪಟ್ಟಿಯಲ್ಲಿ ನನ್ನ ಕೈಯಾರೆ ಅವಳ ಹೆಸರು ಬರೆದೆ. ಅವಳು ಅದನ್ನು ಓದಲಾರಳು. ಬೆರಳಲ್ಲಿ ಸವರಿ ನೋಡಿದಳು, ಅಂಚಿನ ಬೀಜವನ್ನು ನೋಡುವ ಹಾಗೆ.

ಮರುದಿನ ಮಳೆ ಹಿಡಿಯಿತು. ಜೋಳದ ನಡುವೆ ಅಲಸಂದೆ ಬಿತ್ತಲು ಎರಡೂ ಕಡೆಯ ಹೆಂಗಸರು ಬಂದರು. ಈಗ ನದಿ ಮತ್ತೆ ಏರುತ್ತಿದೆ. ನಮ್ಮ ಏರಿ ತಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಏರಿಯ ನೆತ್ತಿಯ ಮೇಲೂ ಯಾರೋ ಅಲಸಂದೆ ಬಿತ್ತಿದ್ದಾರೆ, ಮೊಳಕೆ ಬಂದಿದೆ.

ನಿನ್ನ
ಮಾನಸ


ಬಿಂಡಿಗನವಿಲೆ
೨೧-೭-೨೦೨೪

ಮಗಳೇ ಮಾನಸ,

ನಿನ್ನ ಕಾಗದ ಬಂದ ದಿನ ಶ್ವೇತ ಅದನ್ನು ಜಗಲಿಯಲ್ಲೇ ಓದಿದಳು. ಒಳಗೆ ಬಾ ಅಂತ ನಾನು ಕರೆಯಲಿಲ್ಲ. ಅಷ್ಟು ದೂರದ ಜನಕ್ಕೆ ಗೊತ್ತಾದದ್ದು ಇಲ್ಲಿಯವರಿಗೆ ಯಾಕೆ ಗೊತ್ತಾಗಬಾರದು? ಕರಿಯಯ್ಯ ಕಂಬಕ್ಕೆ ಒರಗಿ ಕೂತಿದ್ದ. "ನಾನೂ ಅಂಗೇ ಬಿತ್ತಿವ್ನಿ" ಅನ್ನುವ ಸಾಲನ್ನು ಶ್ವೇತ ಎರಡು ಸಲ ಓದಿದಳು. ಅವನು ಟವಲು ಕೊಡವಿ ಎದ್ದು ಹೋದ. ಹದಿನೈದು ದಿನ ನನ್ನ ಕಡೆ ಮುಖ ತಿರುಗಿಸಲಿಲ್ಲ. ನಾನೂ ತಿರುಗಿಸಲಿಲ್ಲ.

ಮೊನ್ನೆ ರಾಗಿ ಬಿತ್ತನೆ. ಎಷ್ಟೋ ವರ್ಷದಿಂದ ಟ್ರಾಕ್ಟರಿನಲ್ಲೇ ಬಿತ್ತುವುದು. ಈ ಸಲ ನೋಡಿದರೆ ಕೆಳಬೀದಿ ಪುಟ್ಟರಾಜು ಎತ್ತು ಹೊಡೆದುಕೊಂಡು ಬಂದಿದ್ದಾನೆ, ಕರಿಯಯ್ಯ ಅಟ್ಟದಿಂದ ಹಳೇ ಕೂರಿಗೆ ಇಳಿಸಿದ್ದಾನೆ. ನನಗೇನು ಅಂತ ಮಧ್ಯಾಹ್ನದವರೆಗೆ ಮನೆಯಲ್ಲೇ ಇದ್ದೆ. ಊಟದ ಹೊತ್ತಾಯಿತು. ಕಾಲು ಸುಮ್ಮನಿರುತ್ತದೆಯೇ? ಮಡಿಲಲ್ಲಿ ಅವರೆ ಕಟ್ಟಿಕೊಂಡು ಹೋದೆ. ಹೋದರೆ ಯಾರೂ ಊಟಕ್ಕೆ ಹೋಗಿಲ್ಲ. ಆಳುಗಳು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಾರೆ. ಕರಿಯಯ್ಯ ಕೂರಿಗೆ ಹಿಡಿದು ನಿಂತಿದ್ದಾನೆ. ಅದರ ಹಿಂದೆ ಹೊಸ ಬಿದಿರಿನ ಕೊಳವೆ.

"ಬಾ ಅತ್ಗೆ," ಅಂದ. "ಒತ್ತಿಗ್ ಸರ್ಯಾಗೇ ಬಂದೆ. ಎಂಟ್ ಸಾಲ್ಗೊಂದ್ ಬುಟ್ಕಂಡ್ ಓಯ್ತೀನಿ."

ನಾನು ಬದು ದಾಟಲಿಲ್ಲ. "ನಿಂಗ್ ಗೊತ್ತಿತ್ತೇನ್ಲಾ?" ಅಂದೆ.

"ರಾಗಿ ಪೈರ್ಗೆ ಕುಂಟೆ ಒಡೀವಾಗ ನಿನ್ ಅವ್ರೆ ಗಿಡ ಬಂದ್ ಕಡೆ ಕುಂಟೆ ಎತ್ತಿ ದಾಟ್ಸ್ತಿದ್ದೋನ್ ಯಾರು ಅನ್ಕಂಡಿದ್ದೆ? ನಲ್ವತ್ ವರ್ಸ ಎತ್ತಿವ್ನಿ. ನಮ್ಮವ್ವ ಇರೋಗಂಟ ಅವ್ಳಿಗ್ ಕಾಣ್ದಂಗ್ ಎತ್ದೆ."

ಮಾನಸ, ಕಳೆ ಕೀಳಲು ರಾಗಿಯ ನಡುವೆ ಕುಂಟೆಯ ಹಲ್ಲು ಹಾದರೆ ಅವರೆ ಉಳಿಯುವುದು ಹೇಗೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಅದೃಷ್ಟ ಗಟ್ಟಿ ಅಂದುಕೊಂಡಿದ್ದೆ. ಕದ್ದು ಬಿತ್ತಿದವಳು ನಾನು, ಕದ್ದು ಉಳಿಸಿದವನು ಅವನು. ಒಂದೇ ಗೋಡೆಯ ಎರಡು ಕಡೆ ಮಲಗಿ ಎದ್ದು, ಒಬ್ಬರಿಗೊಬ್ಬರು ಹೇಳಲಿಲ್ಲ. ಆ ಹೊಲವನ್ನು ಆಗ ನೋಡಿದೆ. ಎಷ್ಟೋ ವರ್ಷ ತಲೆ ಬಗ್ಗಿಸಿ ಓಡಾಡಿದ ಹೊಲ. ಅದು ಆ ಆಲದ ಮರದವರೆಗೂ ಇದೆ ಅಂತ ಮೊದಲ ಸಲ ಕಂಡ ಹಾಗಾಯಿತು.

ಆದರೆ ನಾನು ಕರಗಿ ಹೋಗಲಿಲ್ಲ. ಅದು ನಿನಗೂ ಗೊತ್ತಿರಲಿ. "ಕುಂಟೆ ಎತ್ತಿದ್ದು ದೊಡ್ದೇ ಕಣ್ಲಾ. ಆದ್ರೆ ಒಲ ಯಾರ್ದು? ಎಲ್ರ ಮುಂದೆ ಯೋಳು" ಅಂದೆ. ಆಳುಗಳು ತುತ್ತು ಕೈಯಲ್ಲೇ ಹಿಡಿದು ನಮ್ಮನ್ನು ನೋಡುತ್ತಿದ್ದರು. ಅವನು ಎತ್ತಿನ ಬೆನ್ನು ಸವರಿದ, ಆಕಾಶ ನೋಡಿದ.

"ನಮ್ಮಣ್ಣುಂದು," ಅಂದ. "ನಿಂದು."

"ಪಹಣೀಲಿ?"

"ಸೋಮ್ವಾರ ನಾಗಮಂಗಲುಕ್ ಓಗನ ಬುಡು."

ಸೋಮವಾರ ಇನ್ನೂ ಬಂದಿಲ್ಲ. ಅವನ ಮಗ ನಾಗರಾಜು ಆಗಲೇ ಮುಖ ಊದಿಸಿಕೊಂಡು ಓಡಾಡುತ್ತಿದ್ದಾನೆ, ಸಹಿ ಹಾಕುತ್ತಾನೋ ಇಲ್ಲವೋ. ತಾಲೂಕು ಕಚೇರಿಯಲ್ಲಿ ಎಷ್ಟು ಸಲ ಹೋಗಿ ಬಾ ಅನ್ನುತ್ತಾರೋ. ನಿಮ್ಮ ನದಿ ಇನ್ನೂ ಏರುತ್ತಿದೆ ಅಂದೆಯಲ್ಲ, ಇದೂ ಹಾಗೇ. ಆದರೆ ಈ ಸಲ ನನ್ನ ಬಾಯಿ ನನ್ನ ಬಳಿಯೇ ಇದೆ.

ಬದು ದಾಟಿದೆ. ಕೊಳವೆ ಹಿಡಿದೆ. ಎತ್ತು ಹೊರಟವು. ಮೊದಲ ಹಿಡಿ ಕಾಳು ಬಿಟ್ಟೆ. ಬಿದಿರಿನೊಳಗೆ ಅವರೆ ಜಾರುವ ಸದ್ದು, ಟಕ ಟಕ ಅಂತ. ಆ ಸದ್ದನ್ನು ಕೇಳಿ ನಲವತ್ತೊಂದು ವರ್ಷವಾಗಿತ್ತು.

ಅಚೋಲಳಿಗೆ ಹೇಳು. ಅವಳ ಮಾತಿನಲ್ಲಿ ಸರಿಯಾಗಿ ಹೇಳು. ಜನರೆಲ್ಲ ಹೊಲದಲ್ಲೇ ಇದ್ದರು. ಅವರು ನೋಡುತ್ತಿರುವಾಗಲೇ ಬಿತ್ತಿದೆ.

ಅಜ್ಜಿ
ಪುಟ್ಟಲಕ್ಷ್ಮಮ್ಮ